ಕಾಲರಿನ ಒಳಗಿನ ಹಳದಿ

ಹಳದಿಯೇ ಇದು? ಅಥವಾ ಕೆಳಗಿನ ಆ ಕೋಣೆಯ ದೀಪಗಳು ಬಿಳಿಯನ್ನು ಹೀಗೆ ತೋರಿಸುತ್ತವೆಯೇ? ಹಾಗಿದ್ದರೆ ಉಕ್ಕಿನ ಮೇಜೂ ಹಳದಿಗೆ ತಿರುಗಬೇಕಿತ್ತು. ತಿರುಗಿಲ್ಲ, ಮೇಜು ಮೇಜಿನ ಬಣ್ಣಕ್ಕೇ ಇದೆ. ಆದರೂ, ಒಂದು ತುಂಡು ಬಟ್ಟೆಯ ಬಣ್ಣ ನೋಡಿ ಒಬ್ಬ ಮನುಷ್ಯ ಸತ್ತಿದ್ದಾನೆಂದು ಹೇಳಲು ಬರುತ್ತದೆಯೇ? ಅಂಗಿಗಳು ಕೈಯಿಂದ ಕೈಗೆ ಹೋಗುತ್ತವೆ. ಕೊಡುತ್ತಾರೆ, ಕದಿಯುತ್ತಾರೆ, ಒಣಗಿಸಿದ ಹಗ್ಗದಿಂದ ತಪ್ಪಾಗಿ ಎತ್ತಿಕೊಳ್ಳುತ್ತಾರೆ. ಅವನ ಅಕ್ಕನೇ ಹೇಳಿದಳಲ್ಲ, ಕೇಳಿದರೆ ಬಿಚ್ಚಿ ಕೊಟ್ಟುಬಿಡುವವನು ಎಂದು.

ಅವನು ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದ. ನೀಲಿ ಗೆರೆಯ ಅಂಗಿ. ಮೇಜಿನ ಮೇಲೆ ಹರವಿ, ಕಾಲರನ್ನು ಹಿಂದಕ್ಕೆ ಮಡಚಿ, ಒಳಭಾಗ ಕಾಣುವಂತೆ ಇಟ್ಟಿದ್ದಾರೆ. ಕತ್ತಿನ ಹಿಂಭಾಗ ತಾಗುವ ಕಡೆ ಹೆಬ್ಬೆರಳಗಲದ ಒಂದು ಪಟ್ಟಿ. ಎರಡನೆಯ ಗುಂಡಿಯಿಂದ ಕೆಳಗೆ ಚಿತ್ರವೇ ಇಲ್ಲ. ಅಲ್ಲಿಂದ ಕೊನೆಯವರೆಗೆ ಬರೀ ಬೂದು. ಹೆಣದ ಸಂಖ್ಯೆ ಬರೆದ ಹಲಗೆಯನ್ನು ಶವಾಗಾರದವರು ಯಾವಾಗಲೂ ಚಿತ್ರದ ಕೆಳತುದಿಗೇ ಇಡುತ್ತಿದ್ದರು.

ಅವನ ಕೆಲಸ ಆ ದೊಡ್ಡ ಆಸ್ಪತ್ರೆಯ ಕಂಪ್ಯೂಟರುಗಳ ಬ್ಯಾಕಪ್ ನೋಡಿಕೊಳ್ಳುವುದು. ಬೆಳಿಗ್ಗೆ ಬಂದವನೇ ಪರದೆಯ ಮುಂದೆ ಕೂತು, ಹಿಂದಿನ ದಿನದ ನಕಲುಗಳೆಲ್ಲ ಸರಿಯಾಗಿ ಆಗಿವೆಯೇ ಎಂದು ನೋಡುತ್ತಿದ್ದ. ಆಗಿದ್ದರೆ ಪ್ರತಿಯೊಂದರ ಮುಂದೆ ಹಸಿರು ಗುರುತು. ಪಕ್ಕದ ಮೇಜಿನ ಗೆಳೆಯ, ಆಸ್ಪತ್ರೆಯ ತಂತಿಗಳನ್ನೆಲ್ಲ ನೋಡಿಕೊಳ್ಳುವವನು, ಅವನಿಗೆ ಹಸಿರಣ್ಣ ಎಂದೇ ಹೆಸರಿಟ್ಟಿದ್ದ.

"ಏನ್ ಹಸಿರಣ್ಣ, ಇವತ್ತು ಬೆಳೆ ಹೇಗೆ?"

"ಎಲ್ಲಾ ಹಸಿರು."

"ನಿಂದೇ ಪುಣ್ಯ ಕಣಪ್ಪ. ಬಿತ್ತೋದೂ ಬೇಡ, ಕಳೆ ಕೀಳೋದೂ ಬೇಡ."

ಹೊಸದಾಗಿ ಸೇರಿದವರಿಗೆ ಈ ಕೆಲಸ ಹೇಳಿಕೊಡುವಾಗ ಅವನು ವಠಾರದ ಉದಾಹರಣೆ ಕೊಡುತ್ತಿದ್ದ. ಹೋಸ್ಟ್ ಎಂಬ ದೊಡ್ಡ ಯಂತ್ರವೇ ವಠಾರ. ಅದರೊಳಗೆ ಬಾಡಿಗೆದಾರರಂತೆ ಬದುಕುವ ಯಂತ್ರಗಳು ಹಲವು. ಕೈಗೆ ಸಿಗುವಂಥವಲ್ಲ, ಆದರೆ ಪ್ರತಿಯೊಂದೂ ತಾನೇ ಒಂದು ಸ್ವಂತ ಮನೆಯೆಂದು ನಂಬಿಕೊಂಡಿರುತ್ತದೆ. ಬಿಲ್ಲಿನ ಮನೆ, ಔಷಧಿಯ ಮನೆ, ರಕ್ತಪರೀಕ್ಷೆಯ ಮನೆ. ನೆಲಮಾಳಿಗೆಯ ಶವಾಗಾರದ್ದು ಕೆಳಮನೆ. ಒಂದೊಂದು ಮನೆಗೂ ಹೋಗಿ ಪಾತ್ರೆಪಡಗ ಎಣಿಸುವ ಬದಲು ವಠಾರದ ಯಜಮಾನನೇ ಇಡೀ ಕಟ್ಟಡವನ್ನು ಒಮ್ಮೆಲೇ ನಕಲು ಮಾಡಿಕೊಳ್ಳುವುದೇ ಹೋಸ್ಟ್ ಮಟ್ಟದ ಬ್ಯಾಕಪ್. ಸುಲಭ, ಅಗ್ಗ. ಆದರೆ ಅದಕ್ಕೆ ಶರತ್ತುಗಳಿವೆ.

"ಯಜಮಾನ ಕೂಗಿದಾಗ ಒಳಗಿನೋನು ಓಗೊಡಬೇಕು. ಒಂದು ಗಳಿಗೆ ಉಸಿರು ಬಿಗಿ ಹಿಡಿ ಅಂದ್ರೆ ಹಿಡೀಬೇಕು, ಇಲ್ಲಾಂದ್ರೆ ನಕಲು ಅಲುಗಾಡಿದ ಫೋಟೋ ಥರ ಬರುತ್ತೆ. ಡಿಸ್ಕು ಯಜಮಾನನ ಕೈಲೇ ಇರಬೇಕು. ಹೊರಗಿಂದ ಡಿಸ್ಕು ತಂದು ನೇರವಾಗಿ ಬಾಡಿಗೆದಾರನ ಕೈಗೇ ಕೊಟ್ರೋ, ಯಜಮಾನ ಅದನ್ನ ನೋಡಲ್ಲ. ನೋಡದ್ದನ್ನ ನಕಲು ಮಾಡಲ್ಲ. ಮಾಡ್ಲಿಲ್ಲ ಅಂತ ಹೇಳೋದೂ ಇಲ್ಲ."

ಕೊನೆಯ ಶರತ್ತನ್ನು ಹೇಳುವಾಗ ಅವನು ಬೆರಳೆತ್ತುತ್ತಿದ್ದ. ಹಸಿರು ಗುರುತನ್ನು ನಂಬಬೇಡಿ. ಆಗಾಗ ನಕಲನ್ನು ಮರಳಿ ಎಬ್ಬಿಸಿ, ಒಳಗೆ ಹೋಗಿ, ಕಣ್ಣಾರೆ ನೋಡಿ.

ಕೆಳಮನೆ ನಿಂತುಹೋದದ್ದು ಕೆಲಸದ ವೇಳೆಯಲ್ಲೇ. ಶವಾಗಾರದ ಗುಮಾಸ್ತೆ ಫೋನು ಮಾಡಿ ಚಿತ್ರಗಳು ತೆರೆಯುತ್ತಿಲ್ಲವೆಂದಳು. ವಾರಸುದಾರರು ಸಿಗದ ಹೆಣಗಳನ್ನು ಕೆಲವು ವಾರ ಇಟ್ಟುಕೊಂಡು, ಮುಖ, ಮೈಮೇಲಿನ ಗುರುತು, ಬಟ್ಟೆ ಇವುಗಳ ಚಿತ್ರ ತೆಗೆದು, ಊರಾಚೆಯ ಜಾಗದಲ್ಲಿ ಹೂಳುತ್ತಿದ್ದರು. ಬಟ್ಟೆಗಳನ್ನು ಸುಡುತ್ತಿದ್ದರು. ಆಮೇಲೆ ಹುಡುಕಿಕೊಂಡು ಬಂದವರಿಗೆ ತೋರಿಸಲು ಉಳಿಯುತ್ತಿದ್ದದ್ದು ಆ ಚಿತ್ರಗಳು ಮಾತ್ರ.

"ಹೆದರ್ಬೇಡಿ, ನಿನ್ನೇದು ಹಾಗೇ ಇದೆ," ಎಂದ ಅವನು. ನಕಲನ್ನು ಎಬ್ಬಿಸಿ, ತಾನೇ ನೆಲಮಾಳಿಗೆಗೆ ಇಳಿದು ಹೋಗಿ ಗುಮಾಸ್ತೆಯ ಹಿಂದೆ ನಿಂತ. ಲಾಗಿನ್ ಪರದೆ ಬಂತು. ಅವಳು ಒಳಗೆ ಹೋದಳು. ಹೆಣಗಳ ಸಂಖ್ಯೆಗಳು ಬಂದವು, ಯಾವ ಸಾಲಿನಲ್ಲಿ ಹೂಳಿದ್ದೆಂಬುದು ಬಂತು. 'ಗಂಡಸು, ನಡುವಯಸ್ಸು, ನೀಲಿ ಅಂಗಿ' ಎಂಬಂಥ ಒಂದೊಂದು ಸಾಲಿನ ವಿವರಗಳೂ ಬಂದವು. ಮುಖಗಳು ಇರಬೇಕಾದ ಕಡೆ ಖಾಲಿ ಚೌಕಗಳು.

"ನಿಧಾನಕ್ಕೆ ಬರುತ್ತೇನೋ," ಎಂದಳು ಅವಳು.

ಬರುವುದಿಲ್ಲವೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಹಿಂದೆ ಚಿತ್ರಗಳು ಹೆಚ್ಚಾಗಿ ಜಾಗ ಸಾಲದೆ ಹೋದಾಗ ಒಂದು ದೊಡ್ಡ ಡಿಸ್ಕು ತರಿಸಿದ್ದರು. ಚಿತ್ರಗಳೆಲ್ಲ ಇದ್ದದ್ದು ಅದರಲ್ಲೇ, ಈಗ ಸತ್ತದ್ದೂ ಅದೇ. ಅದನ್ನು ಕೂರಿಸಲು ಬಂದವನು, "ಕೆಳಮನೆಗೇ ನೇರ ಕೊಟ್ಬಿಡ್ಲಾ ಸಾರ್? ಜೋರಾಗಿ ಓಡುತ್ತೆ," ಎಂದು ಕೇಳಿದ್ದ. ಕೊಡಪ್ಪಾ ಎಂದಿದ್ದವನು ಇವನೇ. ಹಾಗೆ ಕೊಟ್ಟ ಮೇಲೆ ಆ ಡಿಸ್ಕಿಗೆ ಒಳಗಿನಿಂದಲೇ ಬೇರೆ ಬ್ಯಾಕಪ್ ಏರ್ಪಾಡು ಮಾಡಬೇಕು. ನಾಳೆ ಮಾಡಿದರಾಯಿತು ಎಂದುಕೊಂಡಿದ್ದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಬೇರೆಯವರ ಮನೆ.

ಮರೆತದ್ದು ಹಿಂದೆಯೇ ತಿಳಿಯಬಹುದಿತ್ತು. ವರ್ಷಕ್ಕೊಮ್ಮೆ ಅವನೂ ಗೆಳೆಯನೂ ಎಲ್ಲ ಮನೆಗಳ ನಕಲುಗಳನ್ನು ಎಬ್ಬಿಸಿ ನೋಡುತ್ತಿದ್ದರು. ಬಿಲ್ಲಿನ ಮನೆಯಲ್ಲಿ ಒಂದು ಬಿಲ್ಲು ತೆರೆದು ನೋಡುವರು, ಔಷಧಿಯ ಮನೆಯಲ್ಲಿ ಒಂದು ಚೀಟಿ. ಕೆಳಮನೆಯ ಸರದಿ ಬಂದಾಗ ಮಾತ್ರ ಲಾಗಿನ್ ಪರದೆಯ ಹತ್ತಿರ ಇಬ್ಬರ ಕೈಯೂ ನಿಲ್ಲುತ್ತಿತ್ತು.

"ಬಂತಾ?"

"ಬಂತು."

"ಸರಿ, ಮುಚ್ಚು ಮಾರಾಯ."

ಹೀಗೆ ಮಾಡೋಣವೆಂದು ಅವರು ಎಂದೂ ಮಾತಾಡಿಕೊಂಡಿರಲಿಲ್ಲ. ಬಹಳ ಹಿಂದೆ ಗೆಳೆಯ ಒಮ್ಮೆ ಒಳಗೆ ಹೋಗಿ ಒಂದು ಚಿತ್ರ ತೆರೆದಿದ್ದ. ಅವತ್ತು ಅವನು ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಮನೆಗೆ ವಾಪಸು ಒಯ್ದಿದ್ದ. ಅಷ್ಟು ಸಾಕಾಗಿತ್ತು.

ವಿಷಯ ಇಲಾಖೆಯ ದೊಡ್ಡವರ ಕಿವಿಗೆ ಬಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಡಿಸ್ಕು ಹಳೇದಾ?"

"ತೀರಾ ಹಳೇದಲ್ಲ ಸಾರ್."

"ಹಳೇದು ಅಂತಿಟ್ಕೊಳ್ಳಿ. ಕೆಟ್ಟೋಯ್ತು. ಮನುಷ್ಯನೇ ನಿಂತ ಹಾಗೇ ಹೋಗ್ಬಿಡ್ತಾನೆ, ಯಂತ್ರಕ್ಕೇನು? ಬ್ಯಾಕಪ್ ಹಸಿರಿತ್ತಾ?"

"ಇತ್ತು ಸಾರ್. ಆದ್ರೆ..."

"ಇತ್ತಲ್ಲ. ಆದ್ರೆ ಗೀದ್ರೆ ನನಗೆ ಬೇಡ, ನಿಮಗೂ ಬೇಡ. ಒಬ್ಬರಿಗೆ ಗೊತ್ತಾದ್ರೆ ನಾಳೆ ಬಾಗಿಲ ಮುಂದೆ ಜಾತ್ರೆ ಸೇರುತ್ತೆ."

ಸತ್ತ ಡಿಸ್ಕನ್ನು, ಅಂಥವನ್ನು ಕೆದಕಿ ಒಳಗಿನದನ್ನು ಹೊರತೆಗೆಯುವವರ ಹತ್ತಿರ ಕಳಿಸಿದರು. ಅವರು ಸಿಕ್ಕಷ್ಟನ್ನು ಬಾಚಿ ಕಳಿಸಿದರು. ಯಾವ ಚಿತ್ರಕ್ಕೂ ಹೆಸರಿಲ್ಲ, ಕ್ರಮವಿಲ್ಲ. ಹಲವು ಅರ್ಧಕ್ಕೇ ತುಂಡಾಗಿದ್ದವು. ದಿನಾಂಕ ನೋಡಿ ಹೊಂದಿಸೋಣವೆಂದರೆ ಶವಾಗಾರದ ಕ್ಯಾಮೆರಾದಲ್ಲಿ ಬ್ಯಾಟರಿ ಬದಲಿಸಿದಾಗಲೆಲ್ಲ ದಿನಾಂಕ ತಪ್ಪುತ್ತಿತ್ತು, ಯಾರೂ ಸರಿಮಾಡಿರಲಿಲ್ಲ. ಹಲಗೆಯ ಸಂಖ್ಯೆ ಕಂಡವನ್ನು ಅವುಗಳ ಜಾಗಕ್ಕೆ ಸೇರಿಸುವುದು, ಕಾಣದವನ್ನು ಬೇರೆ ಇಡುವುದು. ನೀವೇ ಕೂತು ಮಾಡಿ ಎಂದರು ದೊಡ್ಡವರು.

ಹೀಗೆ, ಒಂದು ಮುಖವನ್ನೂ ನೋಡಲಾರದೆ ಪರದೆ ಮುಚ್ಚುತ್ತಿದ್ದವನು ಎಲ್ಲ ಮುಖಗಳನ್ನೂ ನೋಡುತ್ತ ಕೂತ. ಮೊದಲ ದಿನ ಎದ್ದು ಎದ್ದು ಹೋಗಿ ಮುಖ ತೊಳೆದುಕೊಂಡ. ಆಮೇಲೆ ಅದೂ ನಿಂತಿತು. ಅವನು ಅಂಜಿದ್ದಂತೆ ಅವು ಭಯಂಕರವಾಗಿರಲಿಲ್ಲ. ಹೆಚ್ಚಿನವರು ಯಾರದೋ ಮಾತು ಮುಗಿಯಲೆಂದು ಕಾಯುತ್ತಿರುವವರ ಹಾಗೆ ಕಾಣುತ್ತಿದ್ದರು.

ಕೆಳಗಿನ ಕಿಟಕಿಯಲ್ಲಿ ವಿಚಾರಿಸಲು ಬಂದವರಿಗೆ ಗುಮಾಸ್ತೆ, "ಕಂಪ್ಯೂಟರ್ ಕೆಟ್ಟಿದೆ, ಮೇಲೆ ರಿಪೇರಿಯವರನ್ನ ಕೇಳಿ," ಎನ್ನುತ್ತಿದ್ದಳು. ಬಹಳ ಜನ ವಾಪಸು ಹೋಗುತ್ತಿದ್ದರು. ಒಬ್ಬಳು ಮಾತ್ರ ಮೆಟ್ಟಿಲು ಹತ್ತಿ ಬಂದು ಅವನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ತಲೆ ಅರ್ಧ ನರೆತ ಹೆಂಗಸು. ಮಡಿಲಲ್ಲಿ ಬಟ್ಟೆಯ ಚೀಲ. ಅವನು ಹೊರಗೆ ಬಂದಾಗ ಅವಳ ಕಣ್ಣು ಮೊದಲು ಬಿದ್ದದ್ದು ಅವನ ತೋಳಿನ ಮೇಲೆ.

"ನಿಮ್ಮ ತೋಳಿನ ಗುಂಡಿ ಬೀಳೋ ಹಾಗಿದೆ. ಬನ್ನಿ ಇಲ್ಲಿ."

"ಪರವಾಗಿಲ್ಲ ಬಿಡಿ ಅಕ್ಕ."

"ಬಿದ್ಮೇಲೆ ಹುಡುಕ್ತೀರಾ? ಕೈ ಕೊಡಿ ಅಂದ್ರೆ."

ಚೀಲದಿಂದ ಸೂಜಿದಾರ ಬಂತು. ಅವಳ ಕಸುಬು ದರ್ಜಿಯದಂತೆ. ಅವನ ಮಣಿಕಟ್ಟು ಹಿಡಿದುಕೊಂಡೇ ಹೇಳಿದಳು: ಹುಡುಕುತ್ತಿರುವುದು ತಮ್ಮನನ್ನು. ಬುದ್ಧಿ ಕೊಂಚ ನಿಧಾನ. ತನ್ನ ಹೆಸರು ಹೇಳುತ್ತಾನೆ, ಮನೆಯೆಲ್ಲಿ ಎಂದರೆ 'ಅಕ್ಕನ ಹತ್ರ' ಎನ್ನುತ್ತಾನೆ. ಒಂದು ಮಧ್ಯಾಹ್ನ ಅವಳು ಗಿರಾಕಿಯೊಬ್ಬರ ಅಳತೆ ತೆಗೆಯುತ್ತಿದ್ದಾಗ ಹೊಸಿಲು ದಾಟಿದವನು ಮರಳಿ ಬರಲಿಲ್ಲ. ಮೈಮೇಲೆ ನೀಲಿ ಗೆರೆ ಅಂಗಿಯಿತ್ತು.

"ಮನೇಲಿ ಎಲ್ರೂ ಅವನಿಗೆ ಪೆದ್ದ ಅಂತಾನೇ ಕರೀತಿದ್ದದ್ದು. ನಾನೂ ಕರೀತಿದ್ದೆ, ಸುಳ್ಳು ಯಾಕೆ ಹೇಳ್ಲಿ," ಎಂದಳು. "ಅಂಗಿ ಒಳಗು ಹೊರಗು ಗೊತ್ತಾಗ್ತಿರಲಿಲ್ಲ ಅವನಿಗೆ, ತಿರುವು ಮುರುವು ಹಾಕ್ಕೊಂಡು ಬೀದಿಗೆ ಹೋಗೋನು, ಎಲ್ರೂ ನಗೋರು. ಅದಕ್ಕೆ ಕಾಲರ್ ಒಳಗೆ ಒಂದು ಹಳದಿ ಪಟ್ಟಿ ಹೊಲಿದೆ. ಹಳದಿ ಕತ್ತಿನ ಕಡೆಗೆ ಬರಬೇಕು ಕಣೋ ಅಂತ ಹೇಳಿಕೊಟ್ಟೆ. ಆಮೇಲೆ ಒಂದ್ಸಲವೂ ತಪ್ಪು ಮಾಡ್ಲಿಲ್ಲ ನೋಡಿ. ಹಳದಿ ಇಲ್ದಿದ್ರೆ ಹೊಸ ಅಂಗಿ ಆದ್ರೂ ಹಾಕ್ತಿರಲಿಲ್ಲ, ಮೂಲೇಲಿ ಕೂತ್ಬಿಡೋನು."

"ಬೇರೆಯವರಿಗೆ ಯಾರಿಗಾದ್ರೂ..." ಎಂದು ಅವನು ಸುಮ್ಮನೆ ಮಾತಿಗೆ ಕೇಳಿದ.

"ಕೊಡೋದಾ? ಕೇಳಿದ್ರೆ ಬಿಚ್ಚಿ ಕೊಟ್ಟುಬಿಡ್ತಾನೆ. ದಾನಶೂರ ನಮ್ಮ ಪೆದ್ದ." ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಯಾವಾಗ ರಿಪೇರಿ ಆಗುತ್ತೆ ತಮ್ಮಾ?"

ನಾಡಿದ್ದು ಬನ್ನಿ ಎಂದು ಹೇಳಿ ಕಳಿಸಿದ.

ಆ ಅಂಗಿ ಸಿಕ್ಕಿದ್ದು ಮಾರನೆಯ ದಿನ. ಹಿಗ್ಗಿಸಿ, ಕುಗ್ಗಿಸಿ, ಪರದೆಯ ಬೆಳಕು ಏರಿಸಿ ಇಳಿಸಿ ನೋಡಿದ. ಹಳದಿಯೇ. ಮುಖ ಯಾವುದು? ಸಂಖ್ಯೆಯಿಲ್ಲದ ಮುಖಗಳು ರಾಶಿಯಿದ್ದವು. ಈ ಅಂಗಿಗೆ ಅವುಗಳಲ್ಲಿ ಯಾವುದು ಸೇರಿದ್ದೆಂದು ಹೇಳುವವರು ಯಾರು? ಅವಳಿಗೆ ತೋರಿಸಿದರೆ ಅವಳು ಹೇಳುತ್ತಾಳೆ. ಒಂದೇ ನೋಟ ಸಾಕು. ಹಾಗೆನ್ನಿಸಿದೊಡನೆ ಅವನು ಚಿತ್ರವನ್ನು ಮುಚ್ಚಿದ.

ಮಧ್ಯಾಹ್ನ ನೆಲಮಾಳಿಗೆಗೆ ಹೋದ. ಶವಾಗಾರದ ಡಾಕ್ಟರಮ್ಮ ಕೈಗವಸು ಬಿಚ್ಚುತ್ತಿದ್ದರು.

"ಒಂದು ಅನುಮಾನ ಡಾಕ್ಟರೇ. ಬಟ್ಟೆ ಗುರುತು ಸಿಕ್ಕಿ, ಸಂಖ್ಯೆ ಸಿಗದೇ ಹೋದ್ರೆ?"

"ಸಿಕ್ಕಿದೆಯಾ?"

"ಇಲ್ಲ. ಸಿಕ್ಕಿದ್ರೆ ಅಂತ."

ಅವರು ಅವನನ್ನು ಒಂದು ಗಳಿಗೆ ದಿಟ್ಟಿಸಿದರು. "ಯಾವ ಬಟ್ಟೆ?"

"ನೀಲಿ ಅಂಗಿ."

"ನೀಲಿ ಅಂಗಿ ಹಾಕ್ಕೊಂಡು ಸತ್ತೋರು ಎಷ್ಟು ಜನ ಬೇಕು ನಿಮಗೆ? ಹೂಳಿರೋ ಸಾಲುಗಳ ತುಂಬಾ ಅವರೇ." ಕೈಗವಸನ್ನು ಬುಟ್ಟಿಗೆ ಹಾಕಿದರು. "ಆದ್ರೂ ದಾರಿ ಇದೆ. ಮನೆಯೋರಿಗೆ ಹೇಳ್ಬೇಕು. ಅವರು ಅರ್ಜಿ ಕೊಟ್ರೆ ನಾನು ಅಗೆಯೋಕೆ ಬರೀತೀನಿ. ಒಡಹುಟ್ಟಿದೋರ ರಕ್ತಕ್ಕೆ ಹೊಂದಿಸಿ ನೋಡ್ಬಹುದು. ಅಲೆದಾಟ ಇದೆ, ಮೇಲಿನೋರು ಬಯ್ತಾರೆ, ಚಿತ್ರ ಹೇಗೆ ಹೋಯ್ತು ಅಂತ ವಿಚಾರಣೆ ಆಗುತ್ತೆ. ಬಯ್ಗುಳ ನನಗಿರ್ಲಿ. ನೀವು ಹೇಳಿ ಅಷ್ಟೇ."

"ಹೂಂ."

"ಸಿಕ್ಕಿದ್ರೆ."

"ಹೌದು. ಸಿಕ್ಕಿದ್ರೆ."

ಮೆಟ್ಟಿಲು ಹತ್ತುವಾಗ ಅವನ ತಲೆಯಲ್ಲಿ ಉಳಿದದ್ದು ವಿಚಾರಣೆ ಎಂಬ ಮಾತೊಂದೇ. ಡಿಸ್ಕನ್ನು ನೇರ ಕೊಡು ಎಂದವರು ಯಾರು? ವರ್ಷ ವರ್ಷ ನೋಡಿ, ಸರಿಯಿದೆ ಎಂದವರು ಯಾರು? ಏನನ್ನು ನೋಡಿದಿರಿ? ಲಾಗಿನ್ ಪರದೆಯನ್ನು.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವನು ಅಂಗಿ ತೊಡುವ ಮೊದಲು ಕಾಲರನ್ನು ಮಡಚಿ ಒಳಗೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು.

"ಏನ್ರೀ ಹುಡುಕ್ತಿದ್ದೀರಾ, ಹೇನಾ?"

"ಏನಿಲ್ಲ."

"ಮೂರು ಹೊತ್ತೂ ಏನಿಲ್ಲ. ನಿಮ್ಮ ಬಾಯಿಂದ ಒಂದು ಮಾತು ಹೊರಡಿಸೋದಕ್ಕಿಂತ ಕಲ್ಲಿಂದ ನಾರು ತೆಗೆಯೋದು ವಾಸಿ." ತೋಳಿನ ಗುಂಡಿಯನ್ನು ಹಾಕಲು ಬಂದವಳು ಅದನ್ನು ಎಳೆದು ನೋಡಿದಳು. "ಇದ್ಯಾರು ಹೊಲಿದದ್ದು? ಎಷ್ಟು ಗಟ್ಟಿಯಾಗಿದೆ."

"ಆಸ್ಪತ್ರೇಲಿ ಯಾರೋ."

ದಾರಿಯುದ್ದಕ್ಕೂ ಅವನು ತನಗೆ ತಾನೇ ಹೇಳಿಕೊಂಡ: ಹೇಳಿಬಿಡುತ್ತೇನೆ. ಮರುಕ್ಷಣವೇ: ಏನೆಂದು ಹೇಳಲಿ? ಸತ್ತಿದ್ದಾನೆ, ಎಲ್ಲಿ ಹೂತಿದ್ದೇವೋ ಗೊತ್ತಿಲ್ಲ ಎನ್ನಲೇ? ಇನ್ನೂ ಬದುಕಿದ್ದಾನೆಂದು ನಂಬಿರುವವಳ ನಂಬಿಕೆ ಕಿತ್ತುಕೊಂಡು, ಬದಲಿಗೆ ಒಂದು ಹಿಡಿ ಮಣ್ಣನ್ನೂ ಕೊಡಲಾಗದಿದ್ದರೆ ಅದೆಂಥ ನ್ಯಾಯ? ಈ ಮಾತು ಅವನಿಗೆ ಕರುಣೆಯ ಹಾಗೆ ಕೇಳಿಸಿತು. ಎರಡನೆಯ ಸಲ ಹೇಳಿಕೊಂಡಾಗ ಅಷ್ಟಾಗಿ ಹಾಗನ್ನಿಸಲಿಲ್ಲ. ಒಂದು ಪ್ರಶ್ನೆ ಕೇಳಿ ನೋಡುತ್ತೇನೆ, ಎಂದುಕೊಂಡ. ಗಿರಾಕಿಗಳ ಅಂಗಿಗಳಿಗೂ ಅವಳು ಹಳದಿ ಪಟ್ಟಿ ಹಾಕುತ್ತಿದ್ದರೆ, ಆ ಅಂಗಿ ಊರಲ್ಲಿ ಯಾರದಾದರೂ ಆಗಿರಬಹುದು. ಆಗ ಹೇಳುವಂಥದ್ದು ಏನೂ ಇರುವುದಿಲ್ಲ.

ಅವಳು ಆಗಲೇ ಬೆಂಚಿನ ಮೇಲಿದ್ದಳು. ತಂತಿಯ ಗೆಳೆಯ ಅವಳ ಪಕ್ಕದಲ್ಲಿ ಕೂತು ತನ್ನ ಪ್ಯಾಂಟಿನ ಕಿತ್ತ ಜೇಬು ತೋರಿಸುತ್ತಿದ್ದ.

"ನೋಡು ಹಸಿರಣ್ಣ, ನಮ್ಮ ಆಸ್ಪತ್ರೇಲಿ ಇಂಥೋರು ಒಬ್ಬರಿರಬೇಕು," ಎಂದು ಎದ್ದು ಹೋದ.

"ಹಸಿರಣ್ಣನಾ?" ಅವಳ ಮುಖದಲ್ಲಿ ನಗು ಸುಳಿಯಿತು. "ಒಳ್ಳೇ ಹೆಸರು."

ಅವನು ಕೂರಲಿಲ್ಲ. "ಅಕ್ಕಾ, ಒಂದು ಮಾತು. ಆ ಹಳದಿ ಪಟ್ಟಿ ಅಂದ್ರಲ್ಲ... ಎಲ್ಲರ ಅಂಗಿಗೂ ಹಾಕ್ತೀರಾ?"

"ಬೇರೆಯೋರಿಗೆ ಯಾಕೆ ಹಾಕ್ಲಿ? ಅಂಗಿಗೆ ಅಂದ ಬೇಡ್ವಾ? ಅವನೊಬ್ಬನಿಗೇ." ಅವಳ ನಗು ಮೆಲ್ಲಗೆ ಆರಿತು. ಚೀಲದ ಮೇಲಿದ್ದ ಕೈ ಹಾಗೇ ನಿಂತಿತು. "ಯಾಕೆ ಕೇಳಿದ್ರಿ?"

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನ ತಣ್ಣನೆ ಗಾಳಿ ಅವನ ಬೆನ್ನಿಗೆ ಬಡಿಯುತ್ತಿತ್ತು. ಅಲ್ಲಿಂದ ಕೆಲವೇ ಹೆಜ್ಜೆ ಆಚೆ ಅವನ ಮೇಜು, ಅದರ ಮೇಲೆ ಕಪ್ಪಾಗಿ ಮಲಗಿದ್ದ ಪರದೆ. ಒಂದು ಕೀಲಿ ಒತ್ತಿದರೆ ಎದ್ದೇಳುತ್ತಿತ್ತು.

"ಹುಡುಕೋಕೆ ಅನುಕೂಲ ಆಗ್ಲಿ ಅಂತ," ಎಂದ.

"ಹುಡುಕಿದ್ರಾ?"

"ಹುಡುಕಿದೆ."

"ಎಲ್ಲಾ ನೋಡಿದ್ರಾ?"

"ಎಲ್ಲಾ ನೋಡಿದೆ ಅಕ್ಕ. ಅಂಥದ್ದು ಯಾವುದೂ ಇಲ್ಲ."

ಸಂತೋಷಪಡುತ್ತಾಳೆಂದು ಅವನು ಎಣಿಸಿದ್ದ. ಅವಳ ಭುಜಗಳು ಕುಸಿದವು, ಅಷ್ಟೇ.

"ಹಾಗಾದ್ರೆ ಎಲ್ಲೋ ಇದಾನೆ," ಎಂದಳು. "ಇನ್ನೂ ಹುಡುಕ್ಬೇಕು." ಎದ್ದು ನಿಂತು ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. "ನಿಜ ಹೇಳ್ಲಾ ತಮ್ಮಾ? ಇಲ್ಲಿ ಸಿಕ್ಕಿಬಿಡ್ಲಿ ಅಂತ ಬೇಡ್ಕೊಂಡು ಬಂದಿದ್ದೆ. ಹೀಗೆ ಬೇಡ್ಕೊಂಡಿದ್ದಕ್ಕೆ ಪಾಪ ಬರುತ್ತೇನೋ. ಕಾಲು ಸೋತಿದೆ ನಂಗೆ."

ಅವಳು ಕಂಬಿ ಹಿಡಿದು ಮೆಟ್ಟಿಲು ಇಳಿಯುವುದನ್ನು ಅವನು ನೋಡಿದ. ಕರೆಯಲು ಬಾಯಿ ತೆರೆದ. ಕೆಳಗಿನ ತಿರುವಿನಲ್ಲಿ ಅವಳ ತಲೆ ಮರೆಯಾಯಿತು. ಆಗಲೂ ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇದ್ದಳು.

ಅದೇ ವಾರ ಅವನು ಕೆಳಮನೆಯ ಹೊಸ ಡಿಸ್ಕನ್ನು ಹೋಸ್ಟ್‌ನ ಕೈಗೇ ಕೊಟ್ಟ. ನಕಲನ್ನು ಎಬ್ಬಿಸಿ, ಲಾಗಿನ್ ದಾಟಿ ಒಳಗೆ ಹೋಗಿ, ಒಂದೊಂದೇ ಚಿತ್ರ ತೆರೆದು ನೋಡಿದ. ಗೆಳೆಯ ಮುಖ ತಿರುಗಿಸಿಕೊಂಡು, "ಬಂತಲ್ಲ, ಮುಚ್ಚೋ," ಎಂದ. ಅವನು ಮುಚ್ಚಲಿಲ್ಲ. ಸಂಖ್ಯೆಯಿಲ್ಲದ ಚಿತ್ರಗಳನ್ನು ಒಂದು ಕಡೆ ಇಟ್ಟಿದ್ದ. ನೀಲಿ ಗೆರೆಯ ಅಂಗಿಯೂ ಅಲ್ಲೇ ಇತ್ತು, ಎರಡನೆಯ ಗುಂಡಿಯವರೆಗೆ. ಈಗ ಅದಕ್ಕೂ ದಿನಾ ಒಂದು ನಕಲು ಆಗುತ್ತದೆ, ಶರತ್ತುಗಳೆಲ್ಲ ಸರಿಯಾಗಿ ಪೂರೈಸಿ.

ದರ್ಜಿ ಆಮೇಲೂ ಬರುತ್ತಿದ್ದಳು. ಕೆಳಗಿನ ಕಿಟಕಿಯಲ್ಲಿ ಹೊಸದಾಗಿ ಬಂದ ಹೆಣಗಳ ಬಗ್ಗೆ ವಿಚಾರಿಸಿ, ಮೇಲೆ ಬಂದು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೊಳ್ಳುವಳು. ಅವನು ನೀರು ತಂದುಕೊಡುತ್ತಿದ್ದ. ಯಾವ ಊರಿಗೆ ಹೋಗಿಬಂದೆ, ಯಾವ ಅನಾಥಾಲಯದಲ್ಲಿ ಕೇಳಿದೆ ಎಂದು ಅವಳು ಹೇಳುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿದ್ದ. ಕಂಡಕಂಡವರ ಕಾಲರ್ ಮಡಚಿ ನೋಡಿ ಬಯ್ಸಿಕೊಂಡದ್ದನ್ನು ಹೇಳಿ ಅವಳು ನಕ್ಕರೆ ಅವನೂ ನಗುತ್ತಿದ್ದ. ಒಮ್ಮೆ ಅವಳು ಅವನ ತೋಳನ್ನು ಎಳೆದು ಗುಂಡಿ ಗಟ್ಟಿಯಾಗಿದೆಯೇ ಎಂದು ನೋಡಿದಳು. ಗಟ್ಟಿಯಾಗಿಯೇ ಇತ್ತು.

ಆ ಅಂಗಿಯನ್ನು ತಾನು ನೋಡಿದ್ದೇನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.